ಕುರಿ ಎಣಿಸಬಾರದ ಮನೆಯ ಸಾಲಿ

ನಾನು ಮಾಸ್ತರನಾದದ್ದು ಯಾವ ಪರೀಕ್ಷೆಯನ್ನೂ ಪಾಸು ಮಾಡಿ ಅಲ್ಲ. ಪಾಸು ಮಾಡುವ ಚಟ ನನಗೆ ಮೊದಲಿನಿಂದಲೂ ಇಲ್ಲ. ಮದುವೆಯಾದಾಗಿನಿಂದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ತಯಾರಿ ನಡೆಸಿದ್ದೇನೆ. ಅಂದರೆ ಶಹಾಪುರದ ನಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತು, ದಪ್ಪನೆಯ ಪುಸ್ತಕವೊಂದನ್ನು ತೊಡೆಯ ಮೇಲೆ ತೆರೆದಿಟ್ಟು, ಓಣಿಯಲ್ಲಿ ಹೋಗಿಬರುವವರನ್ನು ನೋಡುತ್ತಿದ್ದೇನೆ. ಹೆಂಡತಿ ಗೋಗಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ದಿನಾ ಮುಂಜಾನೆ ಮಗಳಿಗೆ ಎರಡು ಜಡೆ ಹಾಕಿ, ತುಂಬಿದ ಆಟೋದಲ್ಲಿ ತಾನೂ ಒಬ್ಬಳಾಗಿ ತುರುಕಿಕೊಂಡು ಹೋಗುತ್ತಾಳೆ. ಗಳಿಸುವ ಕೆಲಸ ಅವಳದು. ಸಲಹೆ ಕೊಡುವ ಕಷ್ಟದ ಕೆಲಸ ನನ್ನದು.

ಮಗಳು ಒಂದನೇ ತರಗತಿಗೆ ಹೋಗುತ್ತಿದ್ದಾಗ ಶಾಲೆಯ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ಅವಳಿಗೆ ಜ್ವರ ಬರುತ್ತಿತ್ತು. ಥರ್ಮಾಮೀಟರೂ ಒಪ್ಪುವಂಥ ಜ್ವರ. "ಅಳಬ್ಯಾಡವ್ವಿ, ಮುಂದಿನ ಸೀಟಿಗಿ ಕೂಡು, ಸಂಜಿಗಿ ಬಂದೇ ಬರ್ತಿ" ಎಂದು ದಿನಾ ಹೇಳಿ ಹತ್ತಿಸುತ್ತಿದ್ದೆ. ಅವಳು ಸಂಜೆಗೆ ಬರುತ್ತಿದ್ದಳು ನಿಜ, ಆದರೆ ಮಾತನ್ನೆಲ್ಲ ಎಲ್ಲೋ ಬಿಟ್ಟು ಬರುತ್ತಿದ್ದಳು. ಒಂದು ದಿನ ವ್ಯಾನು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಲೇ ಇತ್ತು, ಇವಳು ನನ್ನ ಲುಂಗಿಯನ್ನು ಬಿಡಲಿಲ್ಲ. ಲುಂಗಿ ಉಳಿಸಿಕೊಳ್ಳುವ ಆತುರದಲ್ಲಿ ನಾನು ಘೋಷಿಸಿಬಿಟ್ಟೆ.

"ಸಾಲಿ ಬ್ಯಾಡ. ಮನ್ಯಾಗ ನಾನೇ ಕಲಸ್ತೀನಿ. ಇಬ್ಬರಿಗೂ."

ಇನ್ನೂ ಶಾಲೆಯ ಮುಖ ನೋಡದ ಐದು ವರ್ಷದ ಮಗನೂ ಈ 'ಇಬ್ಬರಿಗೂ' ಒಳಗೆ ಸೇರಿಹೋದ. ಹೆಂಡತಿ ಕೈಯಲ್ಲಿದ್ದ ಬಾಚಣಿಗೆ ಇಳಿಸಿ ಒಂದೇ ಶಬ್ದ ಕೇಳಿದಳು.

"ನೀವು?"

ಆ ಒಂದು ಶಬ್ದದಲ್ಲಿ ನಾನು ಬರೆದ ಅಷ್ಟೂ ಪರೀಕ್ಷೆಗಳ ಫಲಿತಾಂಶವಿತ್ತು.

ಸುದ್ದಿ ಯಾದಗಿರಿಗೆ ಮುಟ್ಟಿತು. ನಮ್ಮ ಮಾವ ಅಲ್ಲಿ ನಿವೃತ್ತ ಹೆಡ್ ಮಾಸ್ತರು. ನಿವೃತ್ತಿ ಸಂಬಳಕ್ಕೆ ಮಾತ್ರ, ಧ್ವನಿಗೆ ಅಲ್ಲ. ಅವರು ಫೋನಿನಲ್ಲಿ ಮಾತಾಡಿದರೆ ನಾನು ಎದ್ದು ನಿಂತು ಕೇಳುತ್ತೇನೆ.

"ಅಳಿಯಂದ್ರ, ಒಂದು ವರ್ಷ ಕಲಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಯುಗಾದಿ ಆದಮ್ಯಾಲ ಬಂದು ಪರೀಕ್ಷಾ ತಗೋತೀನಿ. ಪಾಸಾದ್ರ ನಿಮ್ಮ ಸಾಲಿ ನಿಮಗಿರ್ಲಿ. ಫೇಲಾದ್ರ ಎರಡೂ ಕೂಸು ಯಾದಗಿರಿಗಿ. ನಮ್ಮ ಮನ್ಯಾಗಿದ್ದು ಸಾಲಿಗಿ ಹೋಗ್ತಾವ. ನೀವು ಐತಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗ್ರಿ."

"ಆಯ್ತ್ರಿ ಮಾವ" ಅಂದೆ. ಫೋನಿಟ್ಟ ಮೇಲೆ ನಕ್ಕೆ ಕೂಡ. ಸಂಜೆ ಬಾಗಿಲಲ್ಲಿ ಬಿದ್ದಿದ್ದ ಎರಡು ಜೊತೆ ಸಣ್ಣ ಚಪ್ಪಲಿಗಳನ್ನು ನೋಡಿದಾಗ ನಗು ಬರಲಿಲ್ಲ. ಅವು ಯಾದಗಿರಿಯ ಬಾಗಿಲಲ್ಲಿ ಹೇಗೆ ಕಾಣಬಹುದೆಂದು ಲೆಕ್ಕ ಹಾಕಿದೆ. ಆ ಲೆಕ್ಕವೊಂದು ನನಗೆ ಸರಿಯಾಗಿ ಬಂತು.

ಶಾಲೆ ಎಂದ ಮೇಲೆ ಮೊದಲು ಗಂಟೆ ಬೇಕು. ಕಿಟಕಿಯ ಸರಳಿಗೆ ಸ್ಟೀಲಿನ ಪರಾತ ಕಟ್ಟಿ, ಲಟ್ಟಣಿಗೆಯಿಂದ ಒಂಬತ್ತು ಏಟು ಹೊಡೆದೆ. ಪ್ರಾರ್ಥನೆ ಶುರುವಾಗುವ ಮೊದಲೇ ಹೊರಗೆ ಗದ್ದಲ. ಹೋಗಿ ನೋಡಿದರೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಓಡಿಬರುತ್ತಿದ್ದಾರೆ. ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬಂದದ್ದನ್ನು ಮೊದಲು ಕಂಡವರು ಪರಾತ ಬಾರಿಸಬೇಕೆಂಬ ಕಟ್ಟಳೆಯನ್ನು, ಇಷ್ಟು ವರ್ಷ ಅದೇ ನೀರು ಕುಡಿದ ನಾನು ಮರೆತಿದ್ದೆ. ಎದುರುಮನೆಯ ಅಜ್ಜಿ ಒಣ ನಳವನ್ನು ಮೂರು ಸಲ ತಿರುವಿ, ನನ್ನ ಕೈಯಲ್ಲಿದ್ದ ಲಟ್ಟಣಿಗೆಯನ್ನು ನೋಡಿದಳು.

"ಏನಪಾ, ಕೂಸುಗಳ ಸಾಲಿ ಬಿಡಿಸಿದಿ. ಈಗ ನಮ್ಮ ನೀರೂ ಬಿಡಸ್ತಿ?"

ಮರುದಿನದಿಂದ ಗಂಟೆಯನ್ನು ಸಣ್ಣಗೆ, ಚಮಚದಿಂದ ಬಾರಿಸಿದೆ. ಮಕ್ಕಳಿಗೂ ಕೇಳುತ್ತಿರಲಿಲ್ಲ. ಶಿಸ್ತಿನ ದೃಷ್ಟಿಯಿಂದ ಬಾರಿಸುತ್ತಿದ್ದೆ.

ಆಮೇಲೆ ಗಣಿತ. ಪುಸ್ತಕದ ಚಿತ್ರ ತೋರಿಸಿ ಕಲಿಸುವುದು ಹಳೆಯ ಪದ್ಧತಿ ಎಂದು ಎಲ್ಲೋ ಓದಿದ್ದೆ. ಬಿಸಿ ಜೋಳದ ರೊಟ್ಟಿ ತಂದು ಮುರಿದು, ಇದು ಅರ್ಧ, ಇದು ಕಾಲು, ಇದು ಮುಕ್ಕಾಲು ಎಂದು ತಟ್ಟೆಯಲ್ಲಿ ಜೋಡಿಸಿದೆ. ಬೋರ್ಡಿನ ಮೇಲೆ ಅದನ್ನೇ ಬರೆದು ತಿರುಗುವಷ್ಟರಲ್ಲಿ ತಟ್ಟೆಯಲ್ಲಿ ಸೊನ್ನೆ.

"ಅಪ್ಪ, ಇನ್ನೊಂದು ಲೆಕ್ಕ ತಗೊಂಡು ಬಾ" ಎಂದ ಮಗ. "ಈ ಸಲ ಲೆಕ್ಕಕ್ಕ ಶೇಂಗಾ ಹಿಂಡಿ ಹಚ್ಚು."

ಆ ವಾರ ಮಕ್ಕಳು ಭಿನ್ನರಾಶಿಯಲ್ಲಿ ಎಷ್ಟು ಮುಂದೆ ಹೋದರೋ ಹೇಳಲಾರೆ. ತೂಕ ಮಾತ್ರ ಹೆಚ್ಚಿತು. ಇದನ್ನು ಕೇಳಿದ ಅತ್ತೆ, ನನ್ನ ನೌಕರಿಗಾಗಿ ಅಬ್ಬೆತುಮಕೂರಿನ ಮಠಕ್ಕೆ ಹೊತ್ತಿದ್ದ ಹರಕೆಯನ್ನು ಮೊಮ್ಮಕ್ಕಳ ವಿದ್ಯೆಗೆ ವರ್ಗಾಯಿಸಿದರು. ದೇವರಿಗೂ ಆಗುವಂಥ ಕೆಲಸ ಕೊಡಬೇಕಲ್ಲ.

ಚಳಿಗಾಲದಲ್ಲಿ ಶಾಲೆಯನ್ನು ಕೆಲವು ದಿನ ನಮ್ಮಪ್ಪನ ಹತ್ತಿರ ಸಾಗಿಸಿದೆ. ಅಪ್ಪ ಸುರಪುರದಿಂದ ಹುಣಸಗಿ ಕಡೆ ಹೋಗುವ ದಾರಿಯ ಊರೊಂದರಲ್ಲಿ ಕುರಿ ಸಾಕುತ್ತಾನೆ. ಅಕ್ಷರ ಬಾರದು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ಮಕ್ಕಳು ಅವನನ್ನು ಕುರಿ ಮುತ್ಯಾ ಅನ್ನುತ್ತವೆ, ನಮ್ಮ ಮಾವನನ್ನು ಸಾಲಿ ಮುತ್ಯಾ. ಸಂಜೆ ಕುರಿಗಳು ದಡ್ಡಿಗೆ, ಅಂದರೆ ಗೂಟ ನೆಟ್ಟು ಬಲೆ ಸುತ್ತಿದ ಆವರಣಕ್ಕೆ, ಸಣ್ಣ ಬಾಯಿಯಿಂದ ಒಂದೊಂದಾಗಿ ನುಗ್ಗುವಾಗ ಅಪ್ಪ ಪಕ್ಕದಲ್ಲಿ ನಿಂತು ಸುಮ್ಮನೆ ನೋಡುತ್ತಾನೆ. ಎಣಿಸುವುದಿಲ್ಲ. ಕಿವಿ ಹರಿದದ್ದು, ಕಾಲು ಎಳೆಯುವುದು, ಹಠಮಾರಿ, ಅದರ ಮಗಳು, ಹೀಗೆ ಎಲ್ಲವೂ ಮುಖದ ಪರಿಚಯ. ಕುರಿ ಎಣಿಸಿದರೆ ಕಡಿಮೆಯಾಗುತ್ತವೆ ಎಂಬುದು ಅವನ ಕಾನೂನು. ಆ ಕಾನೂನಿಗೆ ಸಾಕ್ಷಿ ನಾನೇ. ಹತ್ತು ವರ್ಷದವನಿದ್ದಾಗ ಶಾಲೆಯಲ್ಲಿ ಕಲಿತ ಸಂಖ್ಯೆಯ ಸೊಕ್ಕಿನಲ್ಲಿ, ಬಂಡೆ ಹತ್ತಿ ಇಡೀ ಹಿಂಡನ್ನು ಗಟ್ಟಿಯಾಗಿ ಎಣಿಸಿದ್ದೆ. ಅದೇ ವಾರ ತೋಳ ಎರಡು ಮರಿ ಒಯ್ದಿತು. ಅಂದಿನಿಂದ ಅಪ್ಪ ನನ್ನ ಕೈಗೆ ಕುರಿ ಕೊಟ್ಟಿಲ್ಲ. ನಾನು ಓದಿದವನಾದದ್ದು ಹೀಗೆ, ತೋಳದ ಕೃಪೆಯಿಂದ.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಸ್ವಲ್ಪ ಉಪ್ಪುಖಾರ ಹಾಕಿದೆ. ತೋಳ ಬಸ್ಸಿನಷ್ಟು ದೊಡ್ಡದಾಯಿತು, ಎರಡು ಮರಿ ಇಪ್ಪತ್ತಾದವು. ನನ್ನ ಇಡೀ ವರ್ಷದ ಬೋಧನೆಯಲ್ಲಿ ಮಕ್ಕಳ ತಲೆಗೆ ಪೂರ್ತಿ ಇಳಿದ ಪಾಠ ಅದೊಂದೇ.

ಯುಗಾದಿ ಬಂತು, ಹೋಯಿತು. ಪರೀಕ್ಷೆಗೆ ನನ್ನ ತಯಾರಿ ಗುಟ್ಟಿನದು. ಮಾವ ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸಲು ಹೇಳುತ್ತಾರೆ, ಚಿಕ್ಕಂದಿನಲ್ಲಿ ಬಸ್ಸಿನ ಸೀಟುಗಳನ್ನೂ ಎಣಿಸಬೇಕಿತ್ತು ಎಂದು ಹೆಂಡತಿ ಹಿಂದೊಮ್ಮೆ ಹೇಳಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಎಣಿಸಬಹುದಾದ ಪ್ರತಿಯೊಂದು ವಸ್ತುವಿನ ಉತ್ತರವನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ.

ಭಾನುವಾರ ಮುಂಜಾನೆ ಮಾವ ಬಂದರು. ಜೇಬಿನಲ್ಲಿ ಕೆಂಪು ಪೆನ್ನು. ನೀರು ಕುಡಿದು, ಕುರ್ಚಿಯಲ್ಲಿ ಕೂತು, ಮಗನನ್ನು ಕರೆದರು.

"ತಮ್ಮಾ, ಬಾ ಇಲ್ಲಿ."

"ಒಂಬತ್ತು" ಎಂದ ಮಗ.

"ಏನು ಒಂಬತ್ತು?"

"ಕಿಟಕಿ ಸರಳು."

ಮಾವ ಕಿಟಕಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಇಲ್ಲಿ ಗೋಡಿಗೂ ಉತ್ತರ ಮಾಲೂಮ್ ಅದ ಕಾಣ್ತದ. ಹೊರಗ ಎಲ್ಲಾರ ಹೋಗೋಣ ನಡೀರಿ."

ಆಗ ನನ್ನ ಬುದ್ಧಿ ಅತ್ಯಂತ ಚುರುಕಾಗಿ ಕೆಲಸ ಮಾಡಿತು. ಸುಗ್ಗಿ ಮುಗಿದ ಹೊಲಗಳಲ್ಲಿ ಮೇಯಿಸುತ್ತ ಅಪ್ಪ ಕುರಿ ಸಮೇತ ಗೋಗಿಯ ಹತ್ತಿರ ಬಂದು ಇಳಿದಿದ್ದ. ಅಲ್ಲಿಗೆ ಕರೆದೊಯ್ದರೆ ಬೀಗರು ಬೀಗರು ಮಾತಿಗೆ ಬೀಳುತ್ತಾರೆ, ಮಜ್ಜಿಗೆ ಕುಡಿಯುತ್ತಾರೆ, ಪರೀಕ್ಷೆ ಮರೆಯುತ್ತಾರೆ. ಎಣಿಸುವ ಚಟದ ಮನುಷ್ಯನನ್ನು, ಎಣಿಸಬಾರದ ಒಂದೇ ಜಾಗಕ್ಕೆ, ಹೆಂಡತಿ ಮಕ್ಕಳ ಸಮೇತ, ನಾನೇ ಆಟೋ ಹತ್ತಿಸಿ ಕರೆದೊಯ್ದೆ.

ಮಾತು, ಊಟ, ಮಜ್ಜಿಗೆ ಎಲ್ಲ ಆಯಿತು. ಕಂಬಳಿಯ ಮೇಲೆ ಇಬ್ಬರೂ ಮುತ್ಯಾಗಳು ಕೂತು ಎಲೆ ಅಡಿಕೆ ಹಾಕಿಕೊಂಡರು. ಬಿಸಿಲು ಇಳಿದು ಕುರಿಗಳು ದಡ್ಡಿಯ ಕಡೆ ತಿರುಗಿದಾಗ ನಾನು ಗೆದ್ದೆ ಅಂದುಕೊಂಡೆ. ಮಾವ ನನ್ನ ಮಗಳನ್ನು ಕರೆದರು.

"ಅವ್ವಿ, ಈ ಕುರಿ ಎಷ್ಟದಾವ, ಎಣಿಸಿ ಹೇಳು ನೋಡಮ್."

ಸುಣ್ಣ ಹಚ್ಚುತ್ತಿದ್ದ ಅಪ್ಪನ ಬೆರಳು ಎಲೆಯ ಮೇಲೆ ನಿಂತಿತು. ಮಗಳು ಕುರಿಗಳನ್ನು ನೋಡಿದಳು.

"ಎಣಸಂಗಿಲ್ಲ ಮುತ್ಯಾ."

"ಬರಂಗಿಲ್ಲೇನು?"

"ಬರ್ತದ. ಎಣಸಂಗಿಲ್ಲ. ಕಡಿಮಿ ಆಗ್ತಾವ."

ಮಾವ ನನ್ನ ಕಡೆ ತಿರುಗಿದರು. "ಇದು ನಿಮ್ಮ ಸಾಲಿ ಪಾಠ ಏನ್ರಿ ಅಳಿಯಂದ್ರ?"

"ಅಂವಂದಲ್ರಿ ಬೀಗರ" ಎಂದ ಅಪ್ಪ. "ಆ ಪಾಠ ನಂದು."

"ಎಣಿಸಿದ್ರ ಕುರಿ ಎಲ್ಲಿ ಹೋಗ್ತಾವ್ರಿ?"

"ಅದನ್ನ ತೋಳಕ್ಕ ಕೇಳ್ರಿ."

ಮಾವ ಜೇಬಿನಿಂದ ಕೆಂಪು ಪೆನ್ನು ತೆಗೆದರು. ಹೆಂಡತಿ ನನ್ನ ಕಡೆ ನೋಡಿದಳು. ನನಗೆ ಶಾಲೆ ತೆರೆಯುವ ಜೂನ್ ತಿಂಗಳು ಕಂಡಿತು, ಬಾಗಿಲಲ್ಲಿ ನನ್ನೊಬ್ಬನ ಚಪ್ಪಲಿ ಕಂಡಿತು. ಅಪ್ಪನ ಎದುರಿಗೇ ಅಪ್ಪನ ಕಾನೂನು ಮುರಿದೆ.

"ಎಣಸವ್ವಿ, ಏನೂ ಆಗಂಗಿಲ್ಲ."

"ನೀನ ಹೇಳಿದ್ದಿ, ನೀ ಎಣಿಸಿದ್ದಕ್ಕ ಇಪ್ಪತ್ತು ಮರಿ ಹೋದ್ವು ಅಂತ."

"ಇಪ್ಪತ್ತು?" ಅಪ್ಪ ನನ್ನ ಕಡೆ ಹೊರಳಿದ. "ಎರಡಲೇ."

"ನೋಡ್ರಿ, ಈಗ ನೀವೂ ಎಣಿಸಿದ್ರಿ" ಎಂದರು ಮಾವ.

"ಹೋದವನ್ನ ಎಣಸಬಹುದ್ರಿ. ಇದ್ದವನ್ನ ಎಣಸಬಾರದು."

ಮಗಳು ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ನಮ್ಮಪ್ಪನ ಹತ್ತಿರ ಹೋದಳು.

"ಕುರಿ ಮುತ್ಯಾ, ಕಾಲು ಎಣಸಬಹುದೇನು?"

ಅಪ್ಪ ಬಹಳ ಹೊತ್ತು ಯೋಚಿಸಿದ. ಅವನಪ್ಪ, ಅವನ ಮುತ್ಯಾ, ಯಾರ ಕಾಲದಲ್ಲೂ ಇಂಥ ಪ್ರಶ್ನೆ ಎದ್ದಿರಲಿಕ್ಕಿಲ್ಲ.

"ಕಾಲಿನ ಬಗ್ಗಿ ಯಾರೂ ಏನೂ ಹೇಳಿಲ್ಲವ್ವ" ಎಂದ ಕೊನೆಗೆ.

ಮಗಳು ದಡ್ಡಿಯ ಬಾಯಿಯಲ್ಲಿ ನಿಂತಳು. ಕುರಿಗಳು ಒಂದೊಂದಾಗಿ ನುಗ್ಗಿದವು. ನಾಲ್ಕು, ಎಂಟು, ಹನ್ನೆರಡು ಎಂದು ತುಟಿಯಲ್ಲೇ ಹೇಳುತ್ತ ಹೋದಳು. ಧೂಳು ಎದ್ದಿತು. ಎರಡು ಸಲ ನಿಲ್ಲಿಸಿ, ಹಿಂಡನ್ನು ತಡೆದು, ಬೆರಳು ಮಡಚಿ ಮತ್ತೆ ಶುರು ಮಾಡಿದಳು. ನಾನು ಅಷ್ಟರೊಳಗೆ ಮೂವತ್ತಾರಕ್ಕೆ ದಾರಿ ತಪ್ಪಿದ್ದೆ. ಕೊನೆಯ ಮರಿ ಒಳಗಾದ ಮೇಲೆ ಬಂದು ಕಾಲುಗಳ ಸಂಖ್ಯೆಯನ್ನು ಹೇಳಿದಳು. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪನಿಗೆ ಓದಲು ಬರುವುದಿಲ್ಲ, ಆದರೆ ಯಾರಿಂದಲಾದರೂ ಓದಿಸಿ ಕೇಳುತ್ತಾನೆ.

"ಕಾಲು ಆಯ್ತು. ಕುರಿ ಎಷ್ಟು?"

"ಅದನ್ನ ನಾಕರಿಂದ ಭಾಗಸಬೇಕ್ರಿ. ಅದು ನೀವ ಮಾಡ್ರಿ ಮುತ್ಯಾ. ನಿಮ್ಮ ಮನ್ಯಾಗ ಕುರಿ ಇಲ್ಲಲ್ಲ, ಕಡಿಮಿ ಆಗಾಕ."

ಹೆಡ್ ಮಾಸ್ತರು ಅಂಗೈ ಮೇಲೆ ಕೆಂಪು ಪೆನ್ನಿನಿಂದ ಭಾಗಿಸಿದರು. ಹುಬ್ಬು ಗಂಟಾಯಿತು. ಇನ್ನೊಮ್ಮೆ ಭಾಗಿಸಿದರು.

"ಎರಡು ಉಳೀತದ. ಗಲತ್ ಆಗ್ಯಾದ ಅವ್ವಿ."

ನನ್ನ ಎದೆ ಯಾದಗಿರಿ ಬಸ್ಸಿನಂತೆ ಕುಲುಕಿತು. ಮಗಳು ದಡ್ಡಿಯ ಕಡೆ ಕೈ ತೋರಿಸಿದಳು. ಕುರಿಗಳ ನಡುವೆ, ಮರಿಯೊಂದನ್ನು ಎತ್ತಿಕೊಂಡು, ಮಗ ನಿಂತಿದ್ದ. ಅವನೂ ಸಾಲಿನಲ್ಲಿ ಒಳಗೆ ಹೋಗಿದ್ದ.

"ಉಳಿದದ್ದು ತಮ್ಮಂದು. ಎತ್ತಿಕೊಂಡ ಮರೀದು ನಾಕೂ ಲೆಕ್ಕದಾಗ ಹಿಡದೀನಿ."

ಮಾವ ಅಂಗೈಯಲ್ಲಿದ್ದ ಉತ್ತರವನ್ನು ಓದಲು ಬಾಯಿ ತೆರೆದರು. ಅಪ್ಪ ಅವರ ಮುಖ ನೋಡಿದ. ನಲವತ್ತು ವರ್ಷ ಉತ್ತರವನ್ನು ಗಟ್ಟಿಯಾಗಿ ಹೇಳಿಸಿದ ಮನುಷ್ಯ ಬಾಯಿ ಮುಚ್ಚಿ, ಹೆಬ್ಬೆರಳನ್ನು ನಾಲಿಗೆಗೆ ಹಚ್ಚಿ, ಅಂಗೈಯನ್ನು ಒರೆಸಿಕೊಂಡರು. ಅಪ್ಪ ಅರ್ಧಕ್ಕೆ ನಿಂತಿದ್ದ ಎಲೆಗೆ ಸುಣ್ಣ ಹಚ್ಚಿ ಅವರ ಕೈಗಿಟ್ಟ.

"ಭಾಗಾಕಾರ ಯಾರು ಕಲಿಸಿದ್ರವ್ವ?" ಎಂದು ಮಾವ ಕೇಳಿದರು. ಧ್ವನಿ ಮೆತ್ತಗಾಗಿತ್ತು. ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.

"ಅವ್ವ. ದಿನಾ ಜಡಿ ಹಾಕೋವಾಗ."

ಹೆಂಡತಿ ದೂರದ ಹೊಲದ ಕಡೆ ನೋಡುತ್ತಿದ್ದಳು. ದಿನಾ ಮುಂಜಾನೆ ಅಮ್ಮ ಮಗಳು ಗುಸುಗುಸು ಮಾಡುವುದನ್ನು ನಾನು ನನ್ನ ಮೇಲಿನ ಚಾಡಿ ಎಂದು ತಿಳಿದು, ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ.

"ಮತ್ತ ಅಪ್ಪ ಏನು ಕಲಿಸ್ಯಾನ?"

ಮಗಳು ಯೋಚಿಸಿದಳು. ಕಾಲಿನ ಪ್ರಶ್ನೆಗೆ ನಮ್ಮಪ್ಪ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

"ಅಪ್ಪ ಗಂಟಿ ಬಾರಸ್ತಾನ."

"ಲೆಕ್ಕ ತಿನಸ್ತಾನ" ಎಂದು ದಡ್ಡಿಯೊಳಗಿಂದ ಮಗ ಕೂಗಿದ.

ಮಾವ ಪೆನ್ನಿಗೆ ಟೊಪ್ಪಿಗೆ ಹಾಕುತ್ತ ನನ್ನನ್ನು ಕೇಳಿದರು. "ಅಳಿಯಂದ್ರ, ಹದಿಮೂರ ಏಳ್ಲಿ ಎಷ್ಟ್ರಿ?"

ನಾನು ಆಕಾಶ ನೋಡಿದೆ, ಹೆಂಡತಿಯನ್ನು ನೋಡಿದೆ, ಕುರಿಗಳನ್ನು ನೋಡಿದೆ.

"ಇಲ್ಲಿ ಎಣಸಬಾರದ್ರಿ ಮಾವ."

ಅಪ್ಪ ನಕ್ಕದ್ದು ನೋಡಿ ಬಹಳ ವರ್ಷವಾಗಿತ್ತು. ಅವತ್ತು ಬಾಯಲ್ಲಿದ್ದ ಎಲೆ ಅಡಿಕೆ ಹೊರಗೆ ಬರುವಂತೆ ನಕ್ಕ. ಮಾವ ಮಾತ್ರ ನಗಲಿಲ್ಲ, ತೀರ್ಪು ಕೊಟ್ಟರು. ಮಕ್ಕಳು ಶಹಾಪುರದಲ್ಲೇ ಇರಲಿ. ಜಡೆ ಹಾಕುವ ಹೊತ್ತನ್ನು ಇನ್ನರ್ಧ ತಾಸು ಬೆಳೆಸಬೇಕು. ಮಾಸ್ತರನ ಲೆಕ್ಕ ಬಹಳ ಕಚ್ಚಾ ಇರುವುದರಿಂದ, ಮಾಸ್ತರ ಪ್ರತಿ ಭಾನುವಾರ ಯಾದಗಿರಿಗೆ ಬಂದು ಕಲಿತು ಹೋಗಬೇಕು.

"ಐತಾರಕ್ಕೊಮ್ಮೆ ಬರೋದು ನಿಮಗ ಮೊದಲೇ ಹೇಳಿದ್ದೆ" ಎಂದರು.

ಮುಂದಿನ ಭಾನುವಾರ ಮುಂಜಾನೆ ಹೆಂಡತಿ ಮಕ್ಕಳು ಮೂವರೂ ನನ್ನನ್ನು ಬಸ್ ಸ್ಟ್ಯಾಂಡಿಗೆ ಕಳಿಸಲು ಬಂದರು. ಚೀಲದಲ್ಲಿ ಮಗನ ಪಾಟಿ, ಮಗ್ಗಿ ಪುಸ್ತಕ, ನಡುವೆ ಹಸಿವಾದರೆ ಎಂದು ಎರಡು ರೊಟ್ಟಿ. ಬಸ್ಸು ಹಾರ್ನ್ ಹೊಡೆಯಿತು. ಮಗಳು ನನ್ನ ಅಂಗಿಯ ತುದಿ ಹಿಡಿದು ಎಳೆದಳು.

"ಅಳಬ್ಯಾಡಪ್ಪ, ಮುಂದಿನ ಸೀಟಿಗಿ ಕೂಡು, ಸಂಜಿಗಿ ಬಂದೇ ಬರ್ತಿ."

ನನಗೆ ನಿಜವಾಗಿಯೂ ಮೈ ಬೆಚ್ಚಗಾದಂತಿತ್ತು. ಹೆಂಡತಿಗೆ ಹೇಳಿದೆ. ಅವಳು ಹಣೆ ಮುಟ್ಟಿ ನೋಡಿದಳು.

"ಏನೂ ಇಲ್ಲ, ಹತ್ರಿ."