ಬೆಂಕಿ ಮುಟ್ಟದ ಕಾಫಿ

ನಾಲಿಗೆಗೆ ಎಲುಬಿಲ್ಲ ಎಂದು ಅಮ್ಮ ನನ್ನನ್ನು ಬಯ್ಯುತ್ತಿದ್ದಳು. ಹದಿನಾರು ವರ್ಷದ ನನಗೆ ಅದು ಬಿರುದಿನ ಹಾಗೆ ಕೇಳುತ್ತಿತ್ತು. ಮಾತಿನಲ್ಲಿ ಯಾರಿಗೂ ಸೋಲಬಾರದೆಂಬ ಹಟ ಆಗ.

ಹೆಮ್ಮಾಡಿಯ ನಮ್ಮ ಮನೆಯಲ್ಲಿ ಅಪ್ಪನ ಅಕ್ಕ ಇದ್ದಳು, ನನ್ನ ಸೋದರತ್ತೆ. ಚಿಕ್ಕಂದಿನಲ್ಲೇ ಗಂಡ ಸತ್ತು ತವರಿಗೆ ಬಂದವಳು. ಆಸೆ ಅಂತ ಅವಳಿಗೆ ಉಳಿದದ್ದು ಬೆಳಗಿನ ಒಂದು ಲೋಟ ಕಾಫಿ ಮಾತ್ರ. ಆದರೆ ಏಕಾದಶಿಯಂದು ಬೆಂಕಿ ಮುಟ್ಟಿದ್ದನ್ನು ಬಾಯಿಗೆ ಹಾಕುವುದಿಲ್ಲವೆಂದು ವ್ರತ ಹಿಡಿದಿದ್ದಳು. ಬಾಳೆಹಣ್ಣು, ಎಳನೀರು, ಅಷ್ಟೇ. ಮಧ್ಯಾಹ್ನವಾಗುವಷ್ಟರಲ್ಲಿ ಕಾಫಿಯಿಲ್ಲದೆ ತಲೆ ಸಿಡಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಉಪಾಯ ಹೊಳೆದದ್ದು ನನಗೇ. ಕಾಫಿಗೆ ಒಲೆಯೇ ಏಕೆ ಬೇಕು? ದಶಮಿಯ ಸಂಜೆ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ತಾಮ್ರದ ಚೆಂಬಿನ ತಣ್ಣೀರಿನಲ್ಲಿ ಮುಳುಗಿಸಿ, ಬಾವಿಯೊಳಗೆ ನೀರಿಗೆ ತಾಗುವಂತೆ ಹಗ್ಗದಲ್ಲಿ ಇಳಿಬಿಟ್ಟೆ. ಯುದ್ಧದ ಕಾಲ, ಕುಂದಾಪುರದ ಪೇಟೆಯಲ್ಲೂ ಕಾಫಿ ಬೀಜ ಸಿಗುವುದು ಕಷ್ಟ. ಹಾಗಾಗಿ ನಮ್ಮ ಪಾಲಿನ ಪುಡಿಯನ್ನೇ ಉಳಿಸಿಟ್ಟು, ನಾವೆಲ್ಲ ಕೊತ್ತಂಬರಿ ಕಷಾಯ ಕುಡಿದೆವು. ಬೆಳಿಗ್ಗೆ ಕಪ್ಪು ನೀರಿಗೆ ತೆಂಗಿನಹಾಲು, ಬೆಲ್ಲ ಕದಡಿ ಕೊಟ್ಟರೆ ಅತ್ತೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಅವತ್ತು ಮಧ್ಯಾಹ್ನ ಅವಳು ಮಲಗಲಿಲ್ಲ. ಜಗಲಿಯಲ್ಲಿ ಕೂತು ಹೂವು ಕಟ್ಟಿದಳು.

ಬೆಲ್ಲ ಬೇಯಿಸದೆ ಆಗುತ್ತದೆಯೇ? ಬೀಜವನ್ನು ಕಾವಲಿಯಲ್ಲಿ ಹುರಿಯುತ್ತಿದ್ದವಳೂ ಅತ್ತೆಯೇ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಡಿಯ ವಿಷಯದಲ್ಲಿ ಕೂದಲು ಸೀಳುವ ಅಪ್ಪ ಕೂಡ ಆ ಚೆಂಬಿನ ಕಡೆ ನೋಡುತ್ತಿರಲಿಲ್ಲ. ಎಂಟು ಏಕಾದಶಿ ಹಾಗೆ ಸುಖವಾಗಿ ಕಳೆದವು.

ಒಂಬತ್ತನೆಯದರ ದಿನ ಬ್ರಹ್ಮಾವರದಿಂದ ನೆಂಟರ ಹೆಂಗಸರಿಬ್ಬರು ಬಂದಿದ್ದರು. ಅವರೆದುರು ನಾನು ಏನೋ ಗಟ್ಟಿಯಾಗಿ ನಕ್ಕೆ. ಹೆಣ್ಣುಮಕ್ಕಳಿಗೆ ಇಷ್ಟು ಬಾಯಿ ಆಗದು ಎಂದು ಅತ್ತೆ ಗದರಿದಳು. ನನ್ನ ಮುಖ ಉರಿದುಹೋಯಿತು. ಅಷ್ಟರಲ್ಲಿ ನೆಂಟರಲ್ಲಿ ಒಬ್ಬಳು, ಏಕಾದಶಿ ದಿನ ಕುಡಿಯುತ್ತಿರುವುದು ಏನೆಂದು ಅತ್ತೆಯನ್ನು ಕೇಳಿದಳು. ಅತ್ತೆಯ ಮುಖ ಅರಳಿತು. "ನಮ್ ಹೆಣ್ ಮಾಡಿದ್ದ್. ಬೆಂಕಿ ಮುಟ್ಟದ್ ಕಾಫಿ. ಇಷ್ಟ್ ಬುದ್ಧಿ ಯಾರಿಗಿತ್ತ್ ಹೇಳಿ?"

ಅವಳು ನನ್ನನ್ನು ಹೊಗಳುತ್ತಿದ್ದಳು. ಅದು ನನ್ನ ಕಿವಿಗೆ ಬೀಳಲೇ ಇಲ್ಲ.

"ಹಂಗಾರೆ ಬೀಜ ಹುರ್ದದ್ ಎಂತದ್ರಗೆ? ಬಿಸ್ಲಗಾ?" ಎಂದುಬಿಟ್ಟೆ.

ನೆಂಟರು ಕಿಸಕ್ಕನೆ ನಕ್ಕರು. ಅತ್ತೆ ಲೋಟ ಕೆಳಗಿಟ್ಟಳು. "ಹೌದ್. ಹುರ್ದದ್ ನಾನೇ ಅಲ್ದಾ" ಎಂದಳು. ಉಳಿದದ್ದನ್ನು ಬಾಳೆಯ ಬುಡಕ್ಕೆ ಚೆಲ್ಲಿ ಬಂದು, ಏನೂ ಆಗದವಳಂತೆ ನೆಂಟರ ಜೊತೆ ಮಾತು ಮುಂದುವರಿಸಿದಳು.

ಅಮ್ಮ ಅವತ್ತು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆನೋ ಏನೋ. ಅಂದಿನಿಂದ ಅತ್ತೆ ಕಾಫಿಯನ್ನೇ ಬಿಟ್ಟಳು, ಬರೀ ಏಕಾದಶಿಗಲ್ಲ, ಎಲ್ಲ ದಿನವೂ. ನನ್ನ ಮೇಲೆ ಒಂದಿಷ್ಟೂ ಮುನಿಯಲಿಲ್ಲ. ಮೊದಲಿನಂತೆಯೇ ತಲೆ ಬಾಚಿದಳು, ಹೂವು ಮುಡಿಸಿದಳು. ನನಗೆ ಮಾತ್ರ ಅವಳ ಮುಖ ನೋಡಲಾಗುತ್ತಿರಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು, ಇಷ್ಟು ದೊಡ್ಡ ಬಾಯಿಯಲ್ಲಿ, ಹೊರಡಲಿಲ್ಲ.

ಎರಡು ದಿನ ಕಳೆದು, ನನ್ನ ಜಡೆ ಹೆಣೆಯುತ್ತಾ ಅತ್ತೆ ಹಿಂದಿನಿಂದ ಮೆಲ್ಲನೆ ಕೇಳಿದಳು. "ಎಷ್ಟ್ ಏಕಾದಶಿ ಕೊಟ್ಟಿದ್ದೆ ಮಗಾ? ನಿಂಗೆ ನೆನ್ಪ್ ಇತ್ತಾ?"

ವ್ರತ ಕೆಟ್ಟ ಒಂದೊಂದು ಏಕಾದಶಿಗೂ ಒಂದೊಂದು ಸೋಮವಾರ ನೀರೂ ಮುಟ್ಟದೆ ಇರುತ್ತೇನೆಂದು ಅವಳು ಅಮ್ಮನ ಹತ್ತಿರ ಹೇಳಿದ್ದು ನನಗೆ ಗೊತ್ತಿತ್ತು. ನಾಲ್ಕು ಎಂದೆ. ಅವಳು ಹೂಂಗುಟ್ಟಿದಳು.

ನಾಲ್ಕು ಸೋಮವಾರ ಮುಗಿದವು. ಐದನೆಯ ಸೋಮವಾರ ಬೆಳಿಗ್ಗೆ ಅವಳಿಗೆಂದು ಎಳನೀರು ಕೆತ್ತಿ ತಂದೆ. ಅವಳು ನನ್ನ ತಲೆ ಸವರಿದಳು, ಎಳನೀರನ್ನು ನನಗೇ ಕುಡಿಸಿದಳು. ಒಂಬತ್ತನೆಯದು ಮುಗಿಯುವವರೆಗೂ ಸೋಮವಾರಗಳಂದು ಅವಳು ಒಂದು ತೊಟ್ಟು ನೀರು ಮುಟ್ಟಲಿಲ್ಲ.