ಸಿನಿಮಾದ ಜಂಪರ್, ಪ್ರಚಾರದ ಜಂಪರ್

ಸಿಂಧನೂರಿನಲ್ಲಿ ಜಂಪರ್ ಹೊಲಿಯುವ ಅಂಗಡಿ ಇಟ್ಟ ದಿನದಿಂದ ಒಬ್ಬ ನಟಿಯೇ ನನಗೆ ಗುರು. ಆಕೆಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಆಕೆ ಬುಗ್ಗೆ ತೋಳು ತೊಟ್ಟಾಗ ದಢೇಸುಗೂರಿನ ಹೆಣ್ಣುಮಕ್ಕಳಿಗೂ ಬುಗ್ಗೆ ತೋಳು ಹೊಲಿದೆ. ನಾಟಿಗೆ ಬಗ್ಗಿದರೆ ತೋಳು ಕಿವಿಗೆ ತಾಗುತ್ತದೆ ಅಂತ ವಾಪಸ್ ತಂದರು. ಆಕೆ ಬೆನ್ನಿಗೆ ಲಾಡಿ ಕಟ್ಟಿದಾಗ ನಾನೂ ಕಟ್ಟಿದೆ. ಬಿಚ್ಚಲು ಗಂಡನನ್ನು ಕೂಗಬೇಕಾಗುತ್ತಿತ್ತು.

ಆಮೇಲೆ ಆಕೆ ರಾಜಕೀಯ ಸೇರಿದಳು. ಮಸ್ಕಿಗೆ ಪ್ರಚಾರಕ್ಕೆ ಬರುತ್ತಾಳೆಂದು ಗೊತ್ತಾಗಿ, ಗಿರಾಕಿಗಳ ಬಟ್ಟೆ ಬದಿಗಿಟ್ಟು ಆಕೆಯ ಹಳೇ ಸಿನಿಮಾದಂಥದ್ದೇ ಜಂಪರ್ ಹೊಲಿದುಕೊಂಡೆ. ಮೈತುಂಬ ಮಿಂಚು, ಬೆನ್ನ ಮೇಲೆ ಎರಡು ಗೊಂಡೆ.

ಗಂಡ ಮೇಲಿಂದ ಕೆಳಗೆ ನೋಡಿ, "ಭಾಷಣ ನೀ ಮಾಡಾಕಿ ಏನು?" ಅಂದ.

ಮಸ್ಕಿಯಲ್ಲಿ ಜೀಪಿನಿಂದ ಇಳಿದವಳನ್ನು ನಾನು ಗುರುತಿಸಲೇ ಇಲ್ಲ. ಬಿಳಿ ಹತ್ತಿ ಸೀರೆ, ಮೊಣಕೈವರೆಗೆ ತೋಳು, ತುರುಬು, ಸಾದಾ ಚಪ್ಪಲಿ. ಜನ ಆಕೆಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ಒಬ್ಬ ಮುದುಕಿ ನನಗೇ ಕೈ ಮುಗಿದಳು. ನಾನೂ ಮುಗಿದೆ, ಇನ್ನೇನು ಮಾಡಲಿ.

ಜನರತ್ತ ಕೈ ಬೀಸುವಾಗ ಆಕೆಯ ಜಂಪರ್ ಬಗಲಲ್ಲಿ ಹರಿಯಿತು. ಜೊತೆಗಿದ್ದ ಹೆಂಗಸು ಸೂಜಿ ದಾರ ಕೇಳುವಷ್ಟರಲ್ಲಿ ನಾನು ಮುಂದೆ ನಿಂತಿದ್ದೆ. ಹತ್ತಿರದ ಮನೆಯೊಂದರಲ್ಲಿ ಬಾಗಿಲು ಹಾಕಿಕೊಂಡು, ತೊಟ್ಟ ಜಂಪರನ್ನು ಹಾಗೆಯೇ ಹೊಲಿಯತೊಡಗಿದೆ.

"ಮೇಡಮ್ಮಾರ, ನಿಮ್ಮ ಸ್ಟೈಲ್ ಎಲ್ಲಾ ನನಗ ಬಾಯಿಪಾಠ ಐತ್ರಿ. ಈಗ ಸಾದಾ ಹಾಕ್ಕೊಳ್ಳೋದು ಮಂದಿಗೆ ಹತ್ರ ಆಗಾಕ, ಹೌದಲ್ರೀ?"

"ಸ್ವಲ್ಪ ಅದೂ ಇದೆ," ಅಂದಳು. "ಆದರೆ ಸಿನಿಮಾದಲ್ಲಿ ಒಂದು ಶಾಟ್‌ಗೆ ಕೈ ಎತ್ತಿದರೆ ಮುಗೀತು. ಹಿಂದೆ ಪಿನ್ ಚುಚ್ಚಿರೋರು, ಉಸಿರಾಡೋಕೂ ಆಗ್ತಿರಲಿಲ್ಲ. ಈಗ ಬೆಳಗಿಂದ ಸಂಜೆವರೆಗೂ ಕೈ ಎತ್ತಬೇಕು. ನಮ್ಮ ಟೇಲರ್‌ಗೆ ಅದು ಅರ್ಥಾನೇ ಆಗಲ್ಲ."

"ಬಗಲಿಗೆ ಒಂದು ಚೌಕ ತುಂಡು ಕೊಡಬೇಕ್ರಿ, ಕೈ ಎಷ್ಟು ಎತ್ತಿದ್ರೂ ಹರಿಯಂಗಿಲ್ಲ. ನಮ್ಮವ್ವ ನಾಟಿ ಹಚ್ಚೋ ಹೆಣ್ಮಕ್ಕಳಿಗೆ ಹಂಗ ಹೊಲೀತಿದ್ಳು." ಅದನ್ನು ಹಳೇ ಕಾಲದ್ದು ಅಂತ ನಿಲ್ಲಿಸಿದವಳು ನಾನೇ ಎಂಬುದನ್ನು ಹೇಳಲಿಲ್ಲ.

ಹೊರಗೆ ಘೋಷಣೆ ಜೋರಾಯಿತು. ಆಕೆ ಎದ್ದಳು. ಜೊತೆಗೆ ನನ್ನ ಸೆರಗೂ ಎದ್ದಿತು. ಮಾತಿನ ಭರದಲ್ಲಿ ಆಕೆಯ ತೋಳಿಗೆ ನನ್ನ ಸೆರಗನ್ನು ಹೊಲಿದುಬಿಟ್ಟಿದ್ದೆ.

ಆಕೆ ಮತ್ತೆ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಗಾದ್ರೆ ನೀವೂ ಪ್ರಚಾರಕ್ಕೆ ಬಂದ್ಬಿಡಿ."

ಕತ್ತರಿ ಇರಲಿಲ್ಲ. ಹಲ್ಲಿನಿಂದ ದಾರ ಕಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಹೊಲಿದೆ. ಆಕೆ ಲಿಂಗಸುಗೂರಿಗೆ ಹೊರಟಳು.

ಲಿಂಗಸುಗೂರಿನಲ್ಲಿರುವ ತಂಗಿಗೆ ಸಂಜೆ ಫೋನ್ ಮಾಡಿದೆ.

"ಬಂದಿದ್ಳಕ್ಕ. ಎರಡೂ ಕೈ ಎತ್ತಿ ಬೀಸಿದ್ಳು. ಚಂದ ಮಾತಾಡಿದ್ಳು."

"ಮಾತು ಬಿಡು. ಬಗಲು ಹೆಂಗಿತ್ತು?"

"ಅಕ್ಕಾ, ನೀ ಆರಾಮ ಅದೀ ಇಲ್ಲೋ?" ಅಂದಳು.