ತಿಮ್ಮಪ್ಪನವರ ಮೂರು ತಿಂಗಳ ಸಕ್ಕರೆ

೧೯೮೪ರಲ್ಲಿ ನಾನು ಹೊಸನಗರದ ಆಸ್ಪತ್ರೆಯೊಂದರಲ್ಲಿ ವೈದ್ಯೆಯಾಗಿದ್ದೆ. ಹುಲಿಕಲ್ ಘಾಟಿ ಇಳಿದು ಕರಾವಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ತಿಮ್ಮಪ್ಪನವರು ನನ್ನ ಸಕ್ಕರೆ ಕಾಯಿಲೆಯ ರೋಗಿಗಳಲ್ಲಿ ಒಬ್ಬರು. ಐವತ್ತರ ಹತ್ತಿರದ ವಯಸ್ಸು, ದಪ್ಪ ಮೀಸೆ, ಬಾಯಿ ತುಂಬ ಮಾತು. ನನಗೆ ಅವರೆಂದರೆ ವಿಶೇಷ ಅಕ್ಕರೆ. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡುತ್ತಿದ್ದರು. ಫಾಸ್ಟಿಂಗ್ ಶುಗರ್ ಯಾವಾಗಲೂ ನೂರಹತ್ತರ ಆಸುಪಾಸು. ಉಳಿದ ರೋಗಿಗಳ ಮುಂದೆ ಅವರನ್ನು ನಿಲ್ಲಿಸಿ, "ಇವರನ್ನು ನೋಡಿ ಕಲಿಯಿರಿ" ಎನ್ನುತ್ತಿದ್ದೆ. ಅವರು ಮೀಸೆಯೊಳಗೇ ನಗುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ಬಂದವರು ಮಾತಿಗೆ ಮಾತು ಬಂದು ಹೇಳಿದರು: "ಈ ಸಲ ಬೇಸಿಗೇಲೂ ಹುಲಿಕಲ್ಲಲ್ಲಿ ಮಂಜು ಬಿಡ್ಲೇ ಇಲ್ಲ ಡಾಕ್ಟ್ರಮ್ಮ. ತಿರುವು ಹತ್ರ ಬಂದ್ಮೇಲೇ ಕಾಣೋದು."

ಹಿಂದಿನ ದಿನವಷ್ಟೇ ನಾನು ಅದೇ ದಾರಿಯಲ್ಲಿ ಬಂದಿದ್ದೆ. ಮಂಜಿರಲಿಲ್ಲ, ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಂಜು ಅವರ ಕಣ್ಣಿನಲ್ಲೇ ಇರಬೇಕು ಎನಿಸಿತು.

ಕಣ್ಣಿಗೆ ಔಷಧಿ ಬಿಟ್ಟು ಪಾಪೆ ಹಿಗ್ಗಿಸಿ, ಆಫ್ತಾಲ್ಮೋಸ್ಕೋಪಿನಲ್ಲಿ ನೋಡಿದೆ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ತುಂಬ ರಕ್ತದ ಚುಕ್ಕೆಗಳು, ನಡುವೆ ಹಳದಿ ಕಲೆಗಳು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು.

"ಇವತ್ತಿನಿಂದ ಸ್ಟೀರಿಂಗ್ ಮುಟ್ಟಬಾರದು" ಎಂದೆ.

"ಬಸ್ ಬಿಟ್ಟು ನಾನೆಂತ ಮಾಡ್ಲಿ? ನಂಗೆ ಬೇರೆ ಎಂತ ಬತ್ತದೆ?" ಎಂದರು.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ರಕ್ತ ಇಷ್ಟು ಚೆನ್ನಾಗಿರುವ ಮನುಷ್ಯನ ಕಣ್ಣು ಇಷ್ಟು ಹಾಳಾದದ್ದು ಹೇಗೆ? ಆಗ ಗ್ಲೈಕೋಸಿಲೇಟೆಡ್ ಹಿಮೋಗ್ಲೋಬಿನ್ ಎಂಬ ಪರೀಕ್ಷೆ ಹೊಸತು. ರಕ್ತದ ಸಕ್ಕರೆ ಕೆಂಪು ಕಣಗಳಿಗೆ ಅಂಟಿಕೊಳ್ಳುತ್ತದೆ. ಆ ಕಣಗಳು ಬದುಕಿರುವವರೆಗೆ ಬಿಡುವುದಿಲ್ಲ. ಅದನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಯುತ್ತದೆ. ಫಾಸ್ಟಿಂಗ್ ಶುಗರ್ ಎಂದರೆ ನೆಂಟರು ಬರುತ್ತಾರೆಂದು ಗುಡಿಸಿಟ್ಟ ಜಗುಲಿ, ಇದು ಹಿತ್ತಿಲು.

ಕರಾವಳಿಯ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಸಹಪಾಠಿಯೊಬ್ಬಳಿದ್ದಳು. ಐಸ್ ಕ್ಯಾಂಡಿ ಮಾಡುವವರಿಂದ ಐಸ್ ತರಿಸಿ, ರಕ್ತದ ಟ್ಯೂಬನ್ನು ಥರ್ಮಾಸಿನಲ್ಲಿಟ್ಟೆ. ಕಣ್ಣಿನ ತಜ್ಞರನ್ನೂ ಕಾಣಬೇಕಿದ್ದುದರಿಂದ ತಿಮ್ಮಪ್ಪನವರೇ ಅದನ್ನು ಒಯ್ದರು. ತಮ್ಮದೇ ಬಸ್ಸಿನಲ್ಲಿ, ಬದಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು.

ಶೇಕಡಾ ಎಂಟರೊಳಗೆ ಇರಬೇಕಾದದ್ದು ಹದಿಮೂರು ದಾಟಿತ್ತು.

ರಿಪೋರ್ಟ್ ಹಿಡಿದು ರೇಗಿದೆ. ಮೊದಲೇ ನನ್ನ ಮೂಗಿನ ತುದಿಯಲ್ಲಿ ಕೋಪ. ಅವರು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡರು. ಬಸ್ಸು ನಿಲ್ಲುವ ಹೋಟೆಲುಗಳಲ್ಲಿ ಡ್ರೈವರಿಗೆ ಬಿಲ್ಲಿಲ್ಲ. ಬಸ್ಸು ತಮ್ಮಲ್ಲೇ ನಿಲ್ಲಲಿ ಎಂದು ಮಾಲೀಕರು ಮಾಡುವ ಉಪಚಾರ ಅದು. ಹೋಗುವಾಗ ಹಲ್ವ, ಬರುವಾಗ ಬನ್ಸು, ಪ್ರತಿ ಸ್ಟಾಪಿನಲ್ಲೂ ಸಕ್ಕರೆ ಸುರಿದ ಕಾಫಿ. ಬೇಡವೆಂದರೆ ಅವರಿಗೆ ಬೇಜಾರು. ನನ್ನಲ್ಲಿಗೆ ಬರುವ ಮುಂಚೆ ಮಾತ್ರ ಒಂದೆರಡು ದಿನ ರಜೆ ಹಾಕಿ, ಮಾತ್ರೆ ನುಂಗಿ, ಕಟ್ಟುನಿಟ್ಟಿನ ಪಥ್ಯ.

"ಯಾಕ್ರೀ ಹೀಗೆ ಮಾಡಿದ್ರಿ?"

"ನೀವು ಎಲ್ಲರ ಮುಂದೆ ಭೇಷ್ ಅಂತಿದ್ರಿ. ನಿಮಗೆ ಬೇಜಾರು ಮಾಡೋದು ಹ್ಯಾಗೆ ಅಂತ, ಚೊಕ್ಕ ಮಾಡ್ಕಂಡು ಬರ್ತಿದ್ದೆ. ದೇವಸ್ಥಾನಕ್ಕೆ ಮಿಂದು ಹೋಗೋ ಹಂಗೆ."

ನನ್ನ ಕೋಪ ಜರ್ರನೆ ಇಳಿಯಿತು. ಈ ಮನುಷ್ಯ ಹೋಟೆಲಿನವರ ಮನಸ್ಸು ನೋಯಿಸಲಾರದೆ ತಿಂದಿದ್ದರು, ನನ್ನ ಮನಸ್ಸು ನೋಯಿಸಲಾರದೆ ಉಪವಾಸವಿದ್ದರು. ಎರಡರ ನಡುವೆ ಕಣ್ಣು ಕಳೆದುಕೊಳ್ಳುತ್ತಿದ್ದರು.

ಲೇಸರ್ ಚಿಕಿತ್ಸೆಯಿಂದ ಎಡಗಣ್ಣು ಉಳಿಯಿತು, ಬಲಗಣ್ಣು ಮಸುಕಾಗಿಯೇ ಉಳಿಯಿತು. ಬಸ್ಸು ಓಡಿಸುವುದು ಮುಗಿಯಿತು. ಬಸ್ಸಿನ ಮಾಲೀಕರು ಅವರನ್ನು ಬುಕಿಂಗ್ ಆಫೀಸಿನಲ್ಲಿ ಕೂರಿಸಿದರು. ಅಲ್ಲಿಯೂ ಅವರ ಬಾಯಿ ಸುಮ್ಮನಿರಲಿಲ್ಲ.

ಒಂದು ವರ್ಷದ ಬಳಿಕ, ಮಧ್ಯಾಹ್ನ ಮದುವೆಮನೆಯಿಂದ ನೆಟ್ಟಗೆ ಆಸ್ಪತ್ರೆಗೆ ಬಂದು ನನ್ನೆದುರು ತೋಳು ಚಾಚಿದರು.

"ಎರಡು ಹೋಳಿಗೆ ತಿಂದಿದೀನಿ ಡಾಕ್ಟ್ರಮ್ಮ. ತುಪ್ಪಾನೂ ಹಾಕ್ಸ್ಕಂಡೆ. ಬೈಯೋದಿದ್ರೆ ಬೈದುಬಿಡಿ, ಆಮೇಲೆ ರಕ್ತ ತಗಳಿ."

ಹೊಟ್ಟೆ ತುಂಬ ಬೈದೆ. ಬೈಯುತ್ತಲೇ ಸೂಜಿ ಚುಚ್ಚಿದೆ. ಅಷ್ಟು ಸಂತೋಷದಿಂದ ನಾನು ಯಾರ ರಕ್ತವನ್ನೂ ತೆಗೆದಿಲ್ಲ. ರೋಗಿಯ ಗೌರವ ಗಳಿಸುವುದು ಸುಲಭ. ತಿಂದದ್ದನ್ನು ತಿಂದೆ ಎಂದು ನಮ್ಮೆದುರು ಹೇಳುವಷ್ಟು ಸಲಿಗೆ ಗಳಿಸುವುದೇ ಕಷ್ಟ. ವೃತ್ತಿ ನನಗೆ ಕಲಿಸಿದ್ದು ಅದನ್ನು.